ಕೈಗೇ ಎಸೆದ ಚೆಂಡು

ಆ ಹುಡುಗಿ ನಮ್ಮ ಮನೆಗೆ ಬಂದದ್ದು ಜನವರಿಯಲ್ಲಿ, ಬಲಗೈ ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು. ಹದಿನೈದು ವರ್ಷದವಳು, ಸ್ಪೇನಿನ ಉತ್ತರದ ಒಂದು ಊರಿನವಳು. ಆ ಊರಿಗೊಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿದೆ. ದೊಡ್ಡವರ ತಂಡ ಟಿವಿಯಲ್ಲಿ ಆಡುತ್ತದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ, ವಯಸ್ಸಿಗೆ ತಕ್ಕಂತೆ ಮಕ್ಕಳ ತಂಡಗಳಿವೆ. ಹುಡುಗರದು ಬೇರೆ, ಹುಡುಗಿಯರದು ಬೇರೆ. ಇವಳು ಅಂಥ ಒಂದು ತಂಡದ ಗೋಲ್‌ಕೀಪರ್. ಅಭ್ಯಾಸ ಮಾಡುವಾಗ ಹೆಬ್ಬೆರಳು ಮುರಿದಿತ್ತು, ಚಳಿಗಾಲ ಮುಗಿಯುವ ತನಕ ಚೆಂಡು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರು. ಚೆಂಡು ಮುಟ್ಟದ ಮಗಳು ಮನೆಯಲ್ಲಿದ್ದು ಮಾಡುವುದಾದರೂ ಏನು, ಅಷ್ಟರಲ್ಲಿ ಇಂಗ್ಲಿಷಾದರೂ ಕಲಿಯಲಿ ಎಂದು ಅವಳಪ್ಪ ಐರ್ಲೆಂಡಿಗೆ ಕಳಿಸಿದರು. ಈಸ್ಟರ್ ಹೊತ್ತಿಗೆ ವಾಪಸು ಹೋಗುವುದು ಎಂದಿತ್ತು.

ಸ್ಪೇನಿನ ಮಕ್ಕಳು ಇಂಗ್ಲಿಷ್ ಕಲಿಯಲು ಬಂದು ಇಲ್ಲಿಯವರ ಮನೆಗಳಲ್ಲಿ ಉಳಿದುಕೊಳ್ಳುವುದು ಡಬ್ಲಿನ್ನಿನಲ್ಲಿ ಹೊಸದಲ್ಲ. ನಮ್ಮ ಕ್ಯಾಸಲ್‌ನಾಕ್‌ನ ಬೀದಿಯಲ್ಲೇ ಎರಡು ಮನೆಯವರು ಇಟ್ಟುಕೊಳ್ಳುತ್ತಿದ್ದರು. ನಮ್ಮಲ್ಲಿಯೂ ಮಹಡಿಯ ಮೇಲೆ ಒಂದು ಚಿಕ್ಕ ಕೋಣೆ ಖಾಲಿಯಿತ್ತು. ವ್ಯವಸ್ಥೆ ಮಾಡುವ ಹೆಂಗಸು ಫೋನಿನಲ್ಲಿ ಕೇಳಿದ್ದು ಇಷ್ಟೇ.

"ನಿಮ್ಮ ಮನೆಯಲ್ಲಿ ಮಾಂಸ ಮಾಡೋದಿಲ್ಲವಾ?"

"ಇಲ್ಲ."

"ಮೊಟ್ಟೆ?"

"ಬರುತ್ತೆ."

"ಗ್ರ್ಯಾಂಡ್," ಎಂದು ಫೋನಿಟ್ಟಳು. ಇಲ್ಲಿಯವರು ಸರಿ ಎನ್ನುವುದೇ ಹಾಗೆ.

ಮನೆಯಲ್ಲಿ ನಾವು ಮೂವರು. ನಮ್ಮವರು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು, ಓದಿದ್ದು ಹುಬ್ಬಳ್ಳಿಯಲ್ಲಿ. ಮಗಳಿಗೆ ಆಗ ಹನ್ನೊಂದು ವರ್ಷ. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಈ ಊರಿನ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನಗೆ ಹತ್ತಿರದ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ. ಹುಡುಗಿಗೂ ನನಗೂ ಮಾತು ನಡೆದದ್ದು ಇಂಗ್ಲಿಷಿನಲ್ಲೇ. ಅವಳು ಹೇಳಿದ್ದು ನನಗೆ ಹೇಗೆ ಕೇಳಿಸಿತೋ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರ ಊಟದ ಮೇಜಿನಲ್ಲಿ ಒಂದು ತೊಡಕಾಯಿತು. ತಟ್ಟೆಯಲ್ಲಿ ಬಡಿಸಿದ್ದನ್ನು ಬಿಡಬಾರದು ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದರು. ತಟ್ಟೆ ಖಾಲಿಯಾಗಲು ಬಿಡಬಾರದು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದರು. ತೊವ್ವೆ ಕಂಡು, "ಇದನ್ನು ನಮ್ಮಜ್ಜಿನೂ ಮಾಡ್ತಾರೆ," ಎಂದು ಪೂರ್ತಿ ತಿಂದಳು. ನಾನು ಬಡಿಸಿದೆ. ತಿಂದಳು. ಬಡಿಸಿದೆ. ಐದನೆಯ ದಿನ ಅವಳು ನೀರು ಕುಡಿಯಲೂ ಜಾಗವಿಲ್ಲದವಳಂತೆ ಕುರ್ಚಿಗೆ ಒರಗಿದಾಗ ಮಗಳು ಮಧ್ಯೆ ಬಂದಳು.

"ಅಮ್ಮಾ, ಸ್ಟಾಪ್. ಶೀ ಈಸ್ ಗೋಯಿಂಗ್ ಟು ಡೈ."

ಸಾಕು ಎನ್ನುವ ಮಾತನ್ನು ಅವಳಿಗೆ ಕಲಿಸಿದ್ದು ಮಗಳೇ. ಒಂದು ಸಲ ಅಂದರೆ ನಂಬುವುದಿಲ್ಲ, ಎರಡು ಸಲ ಹೇಳಿ ತಟ್ಟೆಯ ಮೇಲೆ ಅಡ್ಡಲಾಗಿ ಕೈ ಹಿಡಿಯಬೇಕು ಎಂದು ಸೇರಿಸಿ ಕಲಿಸಿದಳು. ಹುಡುಗಿ ಹಾಗೇ ಮಾಡುತ್ತಿದ್ದಳು. ಗೋಲ್‌ಕೀಪರ್ ಕೈ, ಅಗಲವಾಗಿತ್ತು. ಅದರ ಪಕ್ಕದಿಂದ ಒಂದು ಸೌಟು ಇಳಿಸುವುದು ಕಷ್ಟವೇ.

ಅವಳ ಮನಸ್ಸಿನಲ್ಲಿದ್ದ ಭಾರ ಏನೆಂದು ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ, ಚಪಾತಿ ಹಿಟ್ಟು ಕಲೆಸುತ್ತಿದ್ದಾಗ. ಪಟ್ಟಿ ಬಿಚ್ಚಿದ ಹೆಬ್ಬೆರಳಿಗೆ ಒಳ್ಳೆಯ ವ್ಯಾಯಾಮ ಎಂದು ನಮ್ಮವರು ಹೇಳಿದ್ದರಿಂದ ಹಿಟ್ಟು ನಾದುವ ಕೆಲಸ ಅವಳದಾಗಿತ್ತು. ನಾದುತ್ತಾ ಹೇಳಿದಳು. ಅವಳ ಕ್ಲಬ್ಬಿನಲ್ಲಿ ಪ್ರತಿ ಬೇಸಿಗೆ ಕೋಚ್ ಒಬ್ಬೊಬ್ಬರನ್ನೇ ಕರೆದು, ನೀನು ಇರು, ನೀನು ಬೇಡ ಎಂದು ಹೇಳಿಬಿಡುತ್ತಾರೆ. ಈ ಬೇಸಿಗೆ ಅವಳ ವಯಸ್ಸಿನವರು ಮೇಲಿನ ತಂಡಕ್ಕೆ ಹತ್ತಬೇಕು. ಅಲ್ಲಿ ಗೋಲ್‌ಕೀಪರ್‌ಗೆ ಒಂದೇ ಜಾಗ ತೆರವಾಗಿದೆ. ಕೆಳಗೆ ಇಬ್ಬರಿದ್ದಾರೆ. ಒಬ್ಬಳು ಇವಳು, ಇನ್ನೊಬ್ಬಳು ಇವಳ ಗೆಳತಿ. ಎಂಟು ವರ್ಷದವರಿದ್ದಾಗಿನಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಮೈದಾನಕ್ಕೆ ಹೋಗುತ್ತಿದ್ದರು.

"ಇಬ್ಬರನ್ನೂ ಇಟ್ಕೊಂಡ್ರೆ ಏನು ಕಷ್ಟ ಅವರಿಗೆ?" ಎಂದೆ.

"ಗೋಲಿಗೆ ನಿಲ್ಲೋದು ಒಬ್ಬರೇ ಅಲ್ವಾ ಆಂಟಿ," ಎಂದಳು.

ಫುಟ್‌ಬಾಲಿನಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಸಂಗತಿ ಅದು.

ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಗ್ರಂಥಾಲಯವೂ ಮುಚ್ಚಿತು. ಸ್ಪೇನಿನಲ್ಲಿ ಅದಕ್ಕೂ ಬಿಗಿ, ಮಕ್ಕಳು ಹೊಸಿಲು ದಾಟುವ ಹಾಗಿಲ್ಲ. ಅವಳ ಅಮ್ಮ ಫೋನಿನಲ್ಲಿ ಅತ್ತರು, ಅಪ್ಪ ಲೆಕ್ಕಾಚಾರ ಮಾಡಿದರು. ಸ್ಪೇನಿಗೆ ಬಂದರೆ ನಾಲ್ಕನೇ ಮಹಡಿಯ ಫ್ಲಾಟು, ಡಬ್ಲಿನ್ನಿನಲ್ಲಿದ್ದರೆ ಹಿತ್ತಲಿದೆ, ಎರಡು ಕಿಲೋಮೀಟರ್ ಓಡಾಡಲು ಬಿಡುತ್ತಾರೆ, ಪಾರ್ಕೂ ಹತ್ತಿರ. ಮನೆಯಲ್ಲೊಬ್ಬರು ಡಾಕ್ಟರೂ ಇದ್ದಾರೆ. ಅಲ್ಲೇ ಇರಲಿ ಎಂದು ತೀರ್ಮಾನವಾಯಿತು.

ಆ ಡಾಕ್ಟರು ಮನೆಯಲ್ಲಿದ್ದೂ ಇಲ್ಲದಂತಿದ್ದರು. ಆಸ್ಪತ್ರೆಯಿಂದ ಏನಾದರೂ ಹೊತ್ತು ತಂದಾರು ಎಂಬ ಭಯಕ್ಕೆ ಕೆಳಗಿನ ಊಟದ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡು ಬಾಗಿಲು ಮುಚ್ಚಿಕೊಂಡರು. ಅವರಿಗೆಂದು ಬೇರೆ ತಟ್ಟೆ, ಬೇರೆ ಲೋಟ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಊಟ ಇಟ್ಟು ನಾನು ಸರಿದ ಮೇಲೆ ಅವರು ತೆಗೆದುಕೊಳ್ಳುತ್ತಿದ್ದರು. ಆ ಕೋಣೆಗೆ ಹಿತ್ತಲ ಕಡೆ ಗಾಜಿನ ಬಾಗಿಲಿತ್ತು. ರಜೆಯ ದಿನ ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ನಮ್ಮನ್ನು ನೋಡುತ್ತಿದ್ದರು. ಬೇರೆ ನೋಡಲು ಏನೂ ಇರಲಿಲ್ಲ.

ಕ್ಲಬ್ಬಿನವರು ಮಕ್ಕಳನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಕಂಪ್ಯೂಟರಿನ ಪರದೆಯ ಮೇಲೆ ಇಡೀ ತಂಡ ಸೇರುತ್ತಿತ್ತು. ಕೋಚ್ ಒಬ್ಬ ಹೆಂಗಸು. ಕತ್ತರಿಸಿದ ಕೂದಲು, ಕುತ್ತಿಗೆಯಲ್ಲಿ ಪೀಪಿ. ಮಗಳೂ ನಾನೂ ಅವರನ್ನು ಕೋಚಮ್ಮ ಎಂದು ಕರೆಯುತ್ತಿದ್ದೆವು. ತಮ್ಮ ಅಡುಗೆಮನೆಯಲ್ಲಿ ನಿಂತು ಕೋಚಮ್ಮ ಪೀಪಿ ಊದಿದರೆ ಅಷ್ಟೂ ಹುಡುಗಿಯರು ಅಷ್ಟೂ ಫ್ಲಾಟುಗಳಲ್ಲಿ ಕುಪ್ಪಳಿಸುತ್ತಿದ್ದರು. ಒಬ್ಬಳ ಹಿಂದೆ ಇಸ್ತ್ರಿ ಮೇಜು, ಇನ್ನೊಬ್ಬಳ ಹಿಂದೆ ಅಜ್ಜ ಪೇಪರ್ ಓದುತ್ತಾ. ಆ ಗೆಳತಿ ಗೋಲ್‌ಕೀಪರ್ ಉದ್ದನೆಯ ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡು ನಿಲ್ಲುತ್ತಿದ್ದಳು. ಅವಳಪ್ಪ ಆ ತುದಿಯಿಂದ ಉಂಡೆ ಮಾಡಿದ ಕಾಲುಚೀಲಗಳನ್ನು ಎಸೆಯುತ್ತಿದ್ದರು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ನಮ್ಮ ಹುಡುಗಿ ಕಂಪ್ಯೂಟರನ್ನು ಹಿತ್ತಲಿಗೆ ತಿರುಗಿಸಿದ ದಿನ ಪರದೆಯಲ್ಲಿದ್ದವರೆಲ್ಲ ಹುಲ್ಲು ನೋಡಿ ಕೂಗಿಕೊಂಡರು. ಕೋಚಮ್ಮ ಏನೋ ಹೇಳಿದರು.

"ಏನಂದ್ರು?" ಎಂದೆ.

"ಹುಲ್ಲಿದೆ, ಇನ್ನು ಯಾರಾದರೂ ಚೆಂಡು ಎಸೆದರೆ ಆಯ್ತು, ಶನಿವಾರ ಶನಿವಾರ ವಿಡಿಯೊ ಕಳಿಸು ಅಂದರು."

ಬಟ್ಟೆ ಒಣಹಾಕುವ ಕಂಬ ಮತ್ತು ಶೆಡ್ಡಿನ ಮೂಲೆ, ಇವೆರಡರ ನಡುವೆ ಗೋಲು ಎಂದು ಗೊತ್ತುಮಾಡಿದೆವು. ಮೊದಲು ಮಗಳು ಎಸೆದಳು. ಅವಳ ಚೆಂಡು ಗೋಲು ಬಿಟ್ಟು ಎಲ್ಲ ಕಡೆ ಹೋಗುತ್ತಿತ್ತು, ಹೆಚ್ಚಾಗಿ ಪಕ್ಕದ ಮನೆಗೆ. ಆ ಮನೆಯ ಅಜ್ಜ ಒಬ್ಬರೇ ಇದ್ದವರು. ವಯಸ್ಸಾದವರು ಹೊರಗೆ ಬರಬಾರದು ಎಂದಿದ್ದರಿಂದ ಅವರಿಗೂ ಹಿತ್ತಲೇ ಲೋಕ. ಚೆಂಡು ಬಂದರೆ ಒಳಗೆ ಹೋಗಿ ಬಟ್ಟೆ ತಂದು, ಸೋಪುನೀರಿನಲ್ಲಿ ಒರೆಸಿ, ಒಣಗಿಸಿ, ಆಮೇಲೆ ಗೋಡೆಯ ಮೇಲಿಂದ ಕೊಡುತ್ತಿದ್ದರು. ಅಷ್ಟರಲ್ಲಿ ನಮ್ಮಲ್ಲಿ ಒಂದು ಚಹಾ ಆಗಿಬಿಡುತ್ತಿತ್ತು. ಹೀಗೆ ನಡೆಯುವುದಿಲ್ಲವೆಂದು ಎಸೆಯುವ ಕೆಲಸ ನನ್ನ ಪಾಲಿಗೆ ಬಂತು, ಫೋನಿನಲ್ಲಿ ಹಿಡಿಯುವ ಕೆಲಸ ಮಗಳಿಗೆ.

ನನ್ನ ಕೈ ಚೆನ್ನಾಗಿದೆ ಎಂದು ಮೊದಲ ದಿನವೇ ಗೊತ್ತಾಯಿತು. ಸೀರೆ ಕಾಲದ ಅಭ್ಯಾಸ, ಸೊಂಟದಿಂದ ಕೆಳಗೆ ಹೆಚ್ಚು ಅಲ್ಲಾಡದೆ, ತೋಳಿನಿಂದಲೇ ಎಸೆಯುತ್ತಿದ್ದೆ. ಚೆಂಡು ನೆಟ್ಟಗೆ ಹೋಗುತ್ತಿತ್ತು. ಹುಡುಗಿ ಹಿಡಿಯುತ್ತಿದ್ದಳು. ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು, ಅಕ್ಕಿ ನೆನೆಹಾಕಿ ಬಂದು ಎಸೆಯುವುದು, ಕುಕ್ಕರ್ ಕೂಗಿದರೆ ಒಳಗೆ ಹೋಗಿ ಉರಿ ತಗ್ಗಿಸಿ ಮತ್ತೆ ಬಂದು ಎಸೆಯುವುದು. ಒಂದೂ ಬಿಡುತ್ತಿರಲಿಲ್ಲ ಅವಳು. ಗೋಡೆಯ ಆಚೆಯಿಂದ ಅಜ್ಜ, "ಫೇರ್ ಪ್ಲೇ ಟು ಯೂ ಬೋತ್," ಎಂದು ಇಬ್ಬರಿಗೂ ಶಾಭಾಸ್ ಹೇಳುತ್ತಿದ್ದರು. ಶನಿವಾರ ಸಂಜೆ ಅವಳ ಜೆರ್ಸಿ, ಗ್ಲೌಸು ಒಗೆದು ರೇಡಿಯೇಟರಿನ ಮೇಲೆ ಹರವುತ್ತಿದ್ದೆ. ಜೆರ್ಸಿ ಬಿಳಿಯದು, ತೋಳಿಗೆ ಮಾತ್ರ ಕ್ಲಬ್ಬಿನ ಬಣ್ಣ. ಅದನ್ನು ಬಿಳಿಯಾಗಿಯೇ ಇಟ್ಟಿದ್ದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಏಪ್ರಿಲ್ ಪೂರ್ತಿ ಕೋಚಮ್ಮನಿಂದ ಹೆಬ್ಬೆರಳು ಎತ್ತಿದ ಚಿತ್ರಗಳು ಬಂದವು. ಮೇ ತಿಂಗಳ ಒಂದು ಸೋಮವಾರ ಅದು ಬರಲಿಲ್ಲ, ಉದ್ದನೆಯ ಸಂದೇಶ ಬಂತು. ಹುಡುಗಿ ಓದಿ ಫೋನನ್ನು ಬೋರಲು ಹಾಕಿ ಉಪ್ಪಿಟ್ಟು ತಿನ್ನತೊಡಗಿದಳು. ಮಗಳು ಫೋನಿನತ್ತ ನೋಡಿದಳು. ನಾನೂ ನೋಡಿದೆ.

"ಏನು ಬರೆದಿದ್ದಾರೆ?"

"ಏನಿಲ್ಲ ಆಂಟಿ."

"ಅಷ್ಟುದ್ದ ಏನಿಲ್ಲವಾ?"

ಅವಳು ಫೋನು ತಿರುಗಿಸಿ ನಿಧಾನವಾಗಿ ಓದಿ ಹೇಳಿದಳು. ಕೋಚಮ್ಮ ಎಲ್ಲ ವಿಡಿಯೊಗಳನ್ನೂ ಒಂದರ ಹಿಂದೊಂದು ಹಾಕಿ ನೋಡಿದ್ದಾರೆ. ಯಾವುದರಲ್ಲೂ ಜೆರ್ಸಿ ಕೊಳೆಯಾಗಿಲ್ಲ. ಗೆಳತಿ ನಡುಮನೆಯಲ್ಲಿ ಹಾಸಿಗೆ ತಪ್ಪಿ ಟೈಲ್ಸಿನ ಮೇಲೆ ಬಿದ್ದೂ ಬಿದ್ದೂ ಮೊಣಕಾಲು ನೀಲಿ ಮಾಡಿಕೊಂಡಿದ್ದಾಳೆ. ನಿನಗೆ ಹುಲ್ಲಿದೆ, ಮಣ್ಣಿದೆ, ನೀನು ಮದುವೆಗೆ ಹೊರಟವಳಂತೆ ಇದ್ದೀಯ. ಹೀಗೇ ಆದರೆ ಜೂನ್ ಕೊನೆಗೆ ನಾನು ಏನು ಹೇಳಬೇಕಾಗುತ್ತದೆ ಎಂದು ನಿನಗೇ ಗೊತ್ತು.

ನಾನು ಮೊದಲು ಹೇಳಿದ ಮಾತು ಇಂದಿಗೂ ನೆನಪಿದೆ.

"ಈ ವರ್ಷ ಇಲ್ಲಿ ಮಳೆನೇ ಇಲ್ಲ ಅಂತ ಬರಿ ಅವರಿಗೆ. ಮಳೆ ಇಲ್ಲದೆ ಕೆಸರು ಎಲ್ಲಿಂದ ಬರಬೇಕು?"

ಅದು ನಿಜವೂ ಆಗಿತ್ತು. ಆ ವಸಂತದಲ್ಲಿ ಐರ್ಲೆಂಡು ಬಿಸಿಲಿಗೆ ಒಣಗಿ ಕೂತಿತ್ತು. ಆದರೆ ಹುಡುಗಿ ಅದನ್ನು ಬರೆಯಲಿಲ್ಲ.

"ಶೀ ನೆವರ್ ಫಾಲ್ಸ್, ಅಮ್ಮಾ," ಎಂದಳು ಮಗಳು. "ಯೂ ಥ್ರೋ ಇಟ್ ಇಂಟು ಹರ್ ಹ್ಯಾಂಡ್ಸ್. ಎವ್ರಿ ಸಿಂಗಲ್ ಟೈಮ್."

"ಮತ್ತೆ ಕೈಗಲ್ದೆ ಎಲ್ಲಿಗೆ ಎಸೀಬೇಕಿತ್ತು?"

ಮಗಳು ನನ್ನನ್ನು ನೋಡಿದಳು. ಹುಡುಗಿ ಉಪ್ಪಿಟ್ಟಿನಲ್ಲಿದ್ದ ಸಾಸಿವೆ ಕಾಳುಗಳನ್ನು ನೋಡುತ್ತಿದ್ದಳು.

"ನಿಂಗೂ ಗೊತ್ತಿತ್ತಾ?" ಎಂದು ಹುಡುಗಿಯನ್ನೇ ಕೇಳಿದೆ.

"ಶೀ ಟೋಲ್ಡ್ ಮೀ ಇನ್ ಏಪ್ರಿಲ್," ಎಂದಳು ಮಗಳು.

"ಏಪ್ರಿಲ್‌ನಲ್ಲೇ ಗೊತ್ತಿದ್ದು ನಂಗೆ ಯಾಕೆ ಹೇಳ್ಲಿಲ್ಲ ಇಬ್ರೂ?"

"ಯೂ ವರ್ ಸೋ ಹ್ಯಾಪಿ."

ಹುಡುಗಿ ತಲೆಯೆತ್ತದೆ, "ನೀವು ಕುಕ್ಕರ್ ಬಿಟ್ಟು ಬರುತ್ತಿದ್ದಿರಿ," ಎಂದಳು. ಹೇಳಿದರೆ ತಟ್ಟೆಯಲ್ಲಿ ಬಡಿಸಿದ್ದನ್ನು ಬಿಟ್ಟೆದ್ದ ಹಾಗೆ ಆದೀತೆಂದು ಅವಳಿಗೆ ಅನಿಸಿರಬೇಕು.

ಅಂದು ಸಂಜೆಯಿಂದಲೇ ಬೇರೆ ಕಡೆ ಎಸೆಯುವ ಪ್ರಯತ್ನ ಶುರುವಾಯಿತು. ಆಗಲಿಲ್ಲ. ಇದು ಬರೆಯುವಾಗ ಸುಲಭವಾಗಿ ಕಾಣುತ್ತದೆ. ಎದುರಿಗೆ ಒಂದು ಹುಡುಗಿ ಎರಡೂ ಕೈ ಮುಂದೆ ಚಾಚಿ ನಿಂತಿರುವಾಗ ಅವಳಿಗೆ ಸಿಗದ ಹಾಗೆ ಕೊಡುವುದಕ್ಕೆ ನನ್ನ ತೋಳು ಒಪ್ಪಲಿಲ್ಲ. ಶೆಡ್ಡಿನ ಕಡೆ ಎಂದುಕೊಂಡು ಎಸೆದರೆ ಚೆಂಡು ಅವಳ ಎದೆಗೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಎಸೆದೆ. ಆಗಲೂ ಅವಳ ಕೈಗೇ ಹೋಯಿತು. ಅದರ ಮೇಲೆ ನನಗೊಂದು ಭಯ. ಬಿದ್ದರೆ ಆ ಹೆಬ್ಬೆರಳು? ಬೇರೆಯವರ ಮಗು, ಅಮ್ಮ ಅಷ್ಟು ದೂರ.

ಹೆಬ್ಬೆರಳಿನ ವಿಷಯ ಗಾಜಿನ ಬಾಗಿಲ ಮೂಲಕ ಇತ್ಯರ್ಥವಾಯಿತು. ನಮ್ಮವರು ಒಳಗಿನಿಂದ ಮಡಚು, ಬಿಡಿಸು, ನೀರಿನ ಬಾಟಲಿ ಹಿಡಿ, ತಿರುಚು ಎಂದು ಸನ್ನೆ ಮಾಡಿದರು. ಅವಳು ಹೊರಗೆ ಮಾಡಿ ತೋರಿಸಿದಳು.

"ಬೆರಳು ಗಟ್ಟಿಯಾಗಿದೆ," ಎಂದರು ಬಾಗಿಲನ್ನು ಒಂದು ಗೇಣು ಸರಿಸಿ. "ತೊಂದ್ರೆ ಇರೋದು ನಿನ್ನಲ್ಲಿ. ನೀನು ಎಸೀತಿಲ್ಲ ಕಣೇ, ಬಡಿಸ್ತಿದ್ದೀಯ."

"ಹಂಗಾದ್ರೆ ನೀವೇ ಬಂದು ಎಸೀರಿ."

"ಬರೋ ಹಾಗಿದ್ರೆ ಬರ್ತಿರ್ಲಿಲ್ವಾ?"

"ಕೂತ್ಕೊಂಡು ಹೇಳೋದು ಸುಲಭ."

"ಕೂತ್ಕೊಂಡು ನೋಡಿದ್ರಿಂದಾನೇ ಗೊತ್ತಾಗಿದ್ದು," ಎಂದು ಬಾಗಿಲು ಎಳೆದುಕೊಂಡರು.

ಸಿಟ್ಟಿನಲ್ಲೇ ಒಳಗೆ ಬಂದು ಅವರ ಊಟ ಸ್ಟೂಲಿನ ಮೇಲಿಟ್ಟೆ. ಆಗ ಅನಿಸಿತು, ಅವರು ಅಂದದ್ದು ಸರಿಯೇ ಇದ್ದರೆ ಇರಲಿ. ನನ್ನ ಕೈಗೆ ಗೊತ್ತಿರುವುದು ಬಡಿಸುವುದೊಂದೇ ಆದರೆ ಬಡಿಸುತ್ತೇನೆ. ಆದರೆ ಇವಳಿಗಲ್ಲ. ಪಂಕ್ತಿಯಲ್ಲಿ ಪಕ್ಕದವರು ಎಂದು ಒಬ್ಬರಿರುತ್ತಾರಲ್ಲ.

ನಮ್ಮ ಅಟ್ಟದಲ್ಲಿ ಊರಿನಿಂದ ತಂದ ಸ್ಟೀಲ್ ತಟ್ಟೆಗಳಿದ್ದವು, ಹಿಂದೆ ಹೆಸರು ಕೆತ್ತಿಸಿದವು. ಎರಡನ್ನು ಇಳಿಸಿ ತಂದು ಒಂದನ್ನು ಬಟ್ಟೆಯ ಕಂಬಕ್ಕೆ ದಾರದಿಂದ ಕಟ್ಟಿದೆ, ಇನ್ನೊಂದನ್ನು ಶೆಡ್ಡಿನ ಮೂಲೆಗೆ ಒರಗಿಸಿದೆ. ಕಂಬದ ತಟ್ಟೆಯ ಹಿಂದೆ ಮನಸ್ಸಿನಲ್ಲೇ ನನ್ನ ಚಿಕ್ಕಪ್ಪನನ್ನು ಕೂರಿಸಿಕೊಂಡೆ. ಶೆಡ್ಡಿನ ಮೂಲೆಗೆ ನಮ್ಮತ್ತೆಯನ್ನು. ನಮ್ಮತ್ತೆ ಈಗಿಲ್ಲ. ಇದ್ದಾಗ ಯಾವ ಪಂಕ್ತಿಯಲ್ಲೂ ಅವರಿಗೆ ಬಡಿಸುವುದು ತಡವಾಗುವ ಹಾಗಿರಲಿಲ್ಲ, ತಟ್ಟೆ ಖಾಲಿ ಕಾಣುವ ಹಾಗಂತೂ ಇರಲೇ ಇಲ್ಲ.

ಹುಡುಗಿ ಮಧ್ಯೆ ನಿಂತಳು. ನಾನು ಅವಳನ್ನು ನೋಡದೆ ಅತ್ತೆಯ ತಟ್ಟೆಯನ್ನು ನೋಡಿ ಎಸೆದೆ.

ಢಣ್ ಎಂದಿತು. ಹುಡುಗಿ ನಿಂತಲ್ಲೇ ಇದ್ದಳು. ಗೋಡೆಯಾಚೆ ಅಜ್ಜ, "ಜೀಸಸ್, ಮೇರಿ ಅಂಡ್ ಜೋಸೆಫ್," ಎಂದರು.

"ಅಲ್ಲಿ ಯಾರಿದ್ದಾರೆ?" ಎಂದು ಹುಡುಗಿ ತಟ್ಟೆಯತ್ತ ತೋರಿಸಿ ಕೇಳಿದಳು. ಏನೋ ಮರ್ಮ ಇದೆಯೆಂದು ಅವಳಿಗೆ ಗೊತ್ತಾಗಿತ್ತು.

"ಅವರಮ್ಮ," ಎಂದು ಗಾಜಿನ ಹಿಂದೆ ಕೂತವರ ಕಡೆ ಕೈ ತೋರಿಸಿದೆ. "ಅವರ ಊಟ ಅದು. ಅವರಿಗೆ ಮುಟ್ಟೋಕೆ ಮುಂಚೆ ನೀನು ಕಿತ್ಕೋಬೇಕು."

ಹುಡುಗಿ ಗ್ಲೌಸಿನ ಪಟ್ಟಿ ಬಿಗಿ ಮಾಡಿಕೊಂಡಳು. ಎರಡನೆಯದಕ್ಕೂ ಢಣ್. ಮೂರನೆಯದಕ್ಕೆ ಹಾರಿದಳು. ತಡವಾಯಿತು. ಆಮೇಲಿನ ಯಾವುದೋ ಒಂದಕ್ಕೆ ಮೈಯನ್ನು ಪೂರ್ತಿ ಗಾಳಿಗೆ ಬಿಟ್ಟು, ತಟ್ಟೆಗೆ ಒಂದು ಮೊಳ ಮುಂಚೆ ಚೆಂಡಿಗೆ ಕೈ ಕೊಟ್ಟು, ನನ್ನ ಮೆಂತ್ಯ ಸೊಪ್ಪಿನ ಮಡಿಯ ಮೇಲೆ ಬಿದ್ದಳು. ಬಿದ್ದಲ್ಲಿಂದಲೇ ಖಾಲಿ ಮೂಲೆಗೆ, "ಸಾರಿ, ಅಜ್ಜಿ!" ಎಂದಳು. ಅಜ್ಜಿ ಎನ್ನುವುದನ್ನೂ ಮಗಳೇ ಕಲಿಸಿದ್ದಿರಬೇಕು.

ನಮ್ಮವರು ಗಾಜಿನ ಹಿಂದೆ ಎದ್ದು ನಿಂತಿದ್ದರು. ಅಷ್ಟು ವರ್ಷದಲ್ಲಿ ಅವರಮ್ಮನ ತಟ್ಟೆಯಿಂದ ಯಾರೂ ಏನನ್ನೂ ಕಿತ್ತುಕೊಂಡದ್ದನ್ನು ಅವರು ನೋಡಿರಲಿಲ್ಲ.

ಅಲ್ಲಿಂದ ದಿನಾ ಅದೇ. ಢಣ್ ಎಂದರೆ ಗೋಲು. ಮೆಂತ್ಯದ ಮಡಿ ಹೋಯಿತು, ಅದರ ಪಕ್ಕದ ಕೊತ್ತಂಬರಿಯೂ ಹೋಯಿತು. ಜೆರ್ಸಿಯ ಮೇಲಿನ ಹಸಿರು ಕಲೆಗೆ ಸೋಪು, ನಿಂಬೆ, ಅಡುಗೆ ಸೋಡ ಎಲ್ಲ ಹಾಕಿ ಉಜ್ಜಿದೆ, ಹೋಗಲಿಲ್ಲ. ಹೋಗದಿದ್ದರೇ ಒಳ್ಳೆಯದು ಎಂದು ಮಗಳು ಹೇಳಿದಳು. ನಾನೂ ಉಜ್ಜುವುದನ್ನು ಬಿಟ್ಟೆ. ಒಂದು ವಿಚಿತ್ರವೆಂದರೆ ಅವಳು ಕಿತ್ತುಕೊಂಡಾಗಲೆಲ್ಲ ನನಗೆ ನಿಜವಾಗಿಯೂ ಸ್ವಲ್ಪ ಸಿಟ್ಟು ಬರುತ್ತಿತ್ತು. ಅತ್ತೆಗೆ ಒಂದು ದಿನವಾದರೂ ಸರಿಯಾಗಿ ಬಡಿಸಬೇಕೆಂಬ ಹಟದಲ್ಲಿ ಎಸೆತ ದಿನದಿಂದ ದಿನಕ್ಕೆ ಬಿರುಸಾಯಿತು.

ಜೂನಿನಲ್ಲಿ ಸ್ಪೇನಿನ ಮೈದಾನಗಳು ತೆರೆದವು. ಅದು ಸಂತೋಷದ ಸುದ್ದಿಯೇ, ಆದರೆ ನಮ್ಮ ಪಾಲಿಗಲ್ಲ. ಈಗ ಗೆಳತಿ ಕೋಚಮ್ಮನ ಕಣ್ಣೆದುರು ನಿಜವಾದ ಗೋಲಿನಲ್ಲಿ ನಿಲ್ಲುತ್ತಿದ್ದಳು. ಇವಳ ವಿಮಾನ ತಿಂಗಳ ಕೊನೆಗೆ. ಹಾಗಾಗಿ ಕೋಚಮ್ಮ, ವಿಡಿಯೊ ಬೇಡ, ಒಂದು ದಿನ ನೇರವಾಗಿ ನೋಡುತ್ತೇನೆ, ಎಸೆಯುವವರು ಯಾರೋ ಅವರೂ ಕಾಣಬೇಕು ಎಂದರು.

ಆ ದಿನ ಬೆಳಿಗ್ಗೆ ಎದ್ದರೆ ಮಳೆ. ಅಷ್ಟು ವಾರ ಬಾರದ್ದು ಅಂದು ಬಂತು.

"ಈಗ ಕೆಸರಿಗೇನೂ ಕೊರತೆಯಿಲ್ಲ ಅಂತ ಹೇಳು," ಎಂದೆ. ಯಾರೂ ನಗಲಿಲ್ಲ. ಹುಡುಗಿ ಅಂದು ತಿಂಡಿ ಮುಟ್ಟಿರಲಿಲ್ಲ. ನಾನು ಬಲವಂತ ಮಾಡಿರಲಿಲ್ಲ, ಅದೇ ದೊಡ್ಡ ಸಂಗತಿ.

ಬಟ್ಟೆ ಕ್ಲಿಪ್ಪಿನ ಬುಟ್ಟಿಗೆ ಫೋನು ಒರಗಿಸಿ ಮಗಳು ಅದರ ಮೇಲೆ ಛತ್ರಿ ಹಿಡಿದು ನಿಂತಳು. ಫೋನಿನೊಳಗೆ ಕೋಚಮ್ಮ ಮಾಸ್ಕು ಹಾಕಿಕೊಂಡು ಬಿಸಿಲಿನಲ್ಲಿದ್ದರು. ನಾನು ನಮ್ಮವರ ಹಳೆಯ ರೇನ್‌ಕೋಟಿನಲ್ಲಿದ್ದೆ. ಕೋಚಮ್ಮ ತಟ್ಟೆಗಳತ್ತ ಬೆರಳು ಮಾಡಿ ಏನೋ ಕೇಳಿದರು, ಹುಡುಗಿ ಏನೋ ಹೇಳಿದಳು. ಕೋಚಮ್ಮ ಪೀಪಿ ಊದಲು ಮಾಸ್ಕು ಕೆಳಗೆ ಎಳೆದುಕೊಂಡರು.

ಚಿಕ್ಕಪ್ಪನಿಗೆ ಬಡಿಸಿದೆ, ಕಿತ್ತುಕೊಂಡಳು. ಅತ್ತೆಗೆ ಬಡಿಸಿದೆ, ಕಿತ್ತುಕೊಂಡಳು. ಅತ್ತೆಗೆ ಮತ್ತೆ, ಢಣ್. ಅಜ್ಜ ಗೋಡೆಯಾಚೆ ಛತ್ರಿ ಹಿಡಿದು ನಿಂತು, ಪ್ರತಿಯೊಂದಕ್ಕೂ "ಓಹ್" ಎನ್ನುತ್ತಿದ್ದರು. ಚೆಂಡು ಒದ್ದೆಯಾಗಿ ಕೈಯಿಂದ ಜಾರುತ್ತಿತ್ತು. ಒಂದು ಜಾರಿ ಅವಳ ಕೈಗೇ ನೆಟ್ಟಗೆ ಹೋಯಿತು. ಅವಳು ಅದನ್ನು ಹಿಡಿದು, ನನ್ನತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿ ವಾಪಸು ಎಸೆದಳು. ನಮ್ಮ ಮನೆಗೆ ಬಂದ ಮೇಲೆ ಒಂದೇ ಸಲಕ್ಕೆ ಅವಳು ಬೇಡವೆಂದದ್ದು ಅದೇ ಮೊದಲು, ನಾನು ಒಂದೇ ಸಲಕ್ಕೆ ನಂಬಿದ್ದೂ. ಮುಂದಿನದನ್ನು ಅತ್ತೆಯ ತಟ್ಟೆಯ ಕೆಳ ಅಂಚಿಗೆ ಇದ್ದಬದ್ದ ಬಲವೆಲ್ಲ ಹಾಕಿ ಬಿಟ್ಟೆ. ಅವಳು ಬಲಗೈ ಚಾಚಿದಳು, ಮುರಿದಿದ್ದ ಬೆರಳಿನ ಕೈ. ಚೆಂಡು ಬೆರಳ ತುದಿಗೆ ತಾಗಿ ಶೆಡ್ಡಿನ ಹಿಂದೆ ಹೋಯಿತು. ಅವಳು ಕೆಸರಿನಲ್ಲಿ ಜಾರಿಕೊಂಡು ತಟ್ಟೆಗೆ ಹೋಗಿ ಬಡಿದಳು.

ಈ ಸಲ ಢಣ್ ಎಂದದ್ದು ಅವಳ ತಲೆ.

ಗಾಜಿನ ಬಾಗಿಲು ಪೂರ್ತಿ ಸರಿಯಿತು. "ಬೆರಳು ತೋರ್ಸು," ಎಂದು ನಮ್ಮವರು ಕೂಗಿದರು. ಅವಳು ಮಲಗಿದ್ದಲ್ಲಿಂದಲೇ ಹೆಬ್ಬೆರಳು ಎತ್ತಿದಳು. ಫೋನಿನಲ್ಲಿ ಕೋಚಮ್ಮ ಏನೋ ಹೇಳಿದರು.

"ಏನಂದ್ರು?"

ಹುಡುಗಿ ಎದ್ದು ಕೂತು, ಹಣೆ ಉಜ್ಜಿಕೊಳ್ಳುತ್ತಾ, "ತಟ್ಟೆಗೆ ಏನಾಯಿತು ಅಂತ," ಎಂದಳು.

ಇಷ್ಟೇ. ಯೋಚಿಸಿ ಹೇಳುತ್ತೇನೆ ಎಂದು ಫೋನು ಇಟ್ಟರು.

ಹೊರಡುವ ದಿನದವರೆಗೂ ಏನೂ ಬರಲಿಲ್ಲ. ಅಂದು ಹಬ್ಬದಡುಗೆ ಮಾಡಿದೆ. ಕೋಸಂಬರಿ, ಪಲ್ಯ, ಹುಳಿ, ಹೋಳಿಗೆ. ನಮ್ಮವರು ತಮ್ಮ ಕೋಣೆಯ ಬಾಗಿಲು ತೆರೆದು ಅಲ್ಲೇ ಸ್ಟೂಲು ಹಾಕಿಕೊಂಡು ನಮ್ಮ ಕಡೆ ಮುಖ ಮಾಡಿ ಕೂತರು. ಹುಡುಗಿಯ ಹಣೆಯ ಊತ ಇಳಿದಿತ್ತು. ಬೆರಳಿನಲ್ಲಿ ಅನ್ನ ಹುಳಿ ಕಲೆಸುವುದನ್ನು ಅವಳು ಮೇ ತಿಂಗಳಲ್ಲೇ ಕಲಿತಿದ್ದಳು. ಊಟದ ಮಧ್ಯೆ ಫೋನು ಬಂತು. ಎಡಗೈಯಲ್ಲಿ ಹಿಡಿದು ಕೇಳಿಸಿಕೊಂಡಳು. ಸಣ್ಣ ಸಣ್ಣ ಮಾತಿನಲ್ಲಿ ಉತ್ತರ ಕೊಟ್ಟಳು. ಫೋನಿಟ್ಟು ಮತ್ತೆ ಅನ್ನ ಕಲೆಸಿದಳು.

"ವೆಲ್?" ಎಂದಳು ಮಗಳು.

"ಸೆಪ್ಟೆಂಬರಿಗೆ ಹೊಸ ಗ್ಲೌಸ್ ತಗೋ ಅಂದರು."

"ಅಂದ್ರೆ?" ಎಂದು ನಮ್ಮವರು ಸ್ಟೂಲಿನಿಂದ ಕೇಳಿದರು.

"ಮೇಲಿನ ತಂಡದಲ್ಲಿ ನಾನು."

ಮಗಳು ಕಿರುಚಿ ಕುರ್ಚಿಯಿಂದೆದ್ದು ಅವಳ ಕುತ್ತಿಗೆಗೆ ಜೋತುಬಿದ್ದಳು. ನಮ್ಮವರು ಸ್ಟೂಲಿನ ಮೇಲೆ ತಾಳ ಹಾಕಿದರು. ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ. ಯಾಕೆ ಇವಳನ್ನೇ ಆರಿಸಿದರು ಎಂದು ಕೇಳಿದರೆ, ಕೋಚಮ್ಮ ಕಾರಣ ಹೇಳುವುದಿಲ್ಲ, ಯಾರಿಗೂ ಹೇಳಿದ್ದಿಲ್ಲ ಎಂದಳು.

"ಮತ್ತೆ ನಿನ್ನ ಫ್ರೆಂಡು?" ಎಂದೆ.

"ಅವಳಿಗೆ ಬೆಳಿಗ್ಗೆನೇ ಹೇಳಿದರಂತೆ. ಪಕ್ಕದ ಊರಿನ ಕ್ಲಬ್ಬಿಗೆ ಹೋಗಬಹುದು." ಅನ್ನದಲ್ಲಿ ಬೆರಳಾಡಿಸುತ್ತಾ, "ಅವಳಪ್ಪ ಮನೆಯ ಚಳಿಗಾಲದ ಕಾಲುಚೀಲವನ್ನೆಲ್ಲ ಎಸೆದಿದ್ದರು," ಎಂದಳು.

ಗೋಲಿಗೆ ನಿಲ್ಲುವುದು ಒಬ್ಬರೇ ಎಂದು ಅವಳೇ ಹಿಂದೆ ನನಗೆ ಹೇಳಿದ್ದಳು. ಈಗ ಅದನ್ನು ಅವಳಿಗೆ ನೆನಪಿಸುವ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಇನ್ನು ಒಬ್ಬಳೇ ಹೋಗಬೇಕಲ್ಲ ಎಂದು ಮಾತ್ರ ನನಗೆ ಅನಿಸಿತು.

ಬೇರೇನೂ ತೋಚದೆ ಹೋಳಿಗೆಯ ಡಬ್ಬಿ ತಂದೆ. ಒಂದು ಹಾಕಿದ್ದೆ, ಇನ್ನೊಂದಕ್ಕೆ ಬಗ್ಗಿದೆ.

"ಸಾಕು," ಎಂದಳು. ಕೈ ಅಡ್ಡ ಹಿಡಿಯಲಿಲ್ಲ. ಒಂದೇ ಸಲ.

ನಿಲ್ಲಿಸಿದೆ. ಅವಳ ತಟ್ಟೆಯನ್ನು ಬಿಟ್ಟು ಪಕ್ಕದ ತಟ್ಟೆಯನ್ನು ನೋಡಿ, ಬಿಸಿ ಹೋಳಿಗೆಯನ್ನು ತುಪ್ಪ ಸಮೇತ ಮಗಳ ಕಡೆಗೆ ಇಳಿಸಿದೆ. ಅದು ತಟ್ಟೆ ಮುಟ್ಟಲು ಇನ್ನೂ ಒಂದು ಗೇಣಿತ್ತು. ಎಲ್ಲಿತ್ತೋ ಆ ಎಡಗೈ, ಅಡ್ಡ ಬಂದು ಗಾಳಿಯಲ್ಲೇ ಅದನ್ನು ಹಿಡಿಯಿತು.

"ಅಮ್ಮಾ! ದಟ್ ವಾಸ್ ಮೈನ್!"

"ಎಡಗೈಯಲ್ಲಿ ತಿನ್ಬಾರ್ದು," ಎಂದು ನಮ್ಮವರು ಸ್ಟೂಲಿನಿಂದ ಹೇಳಿದರು.

ಹುಡುಗಿ ಅದನ್ನು ಬಲಗೈಗೆ ಬದಲಾಯಿಸಿಕೊಂಡು, ಅಳುತ್ತಾ ತಿಂದಳು. ನಾನು ಮಗಳಿಗೆ ಇನ್ನೊಂದು ಹಾಕಲು ಡಬ್ಬಿಗೆ ಕೈ ಹಾಕಿದೆ. ಈ ಸಲ ಆ ಕಡೆಯಿಂದ ಸುತ್ತಿ ಬಂದು ಹಾಕಿದೆ.